ಮಿಸಿಂಗ್‌ನೋ, ಮ್ಯೂ ಮತ್ತು ಚೀಟ್ ಕೋಡ್: ಹಳೇ ಪೊಕೆಮಾನ್ ಗೇಮ್‌ನ ಒಳಗೆ ನಿಜಕ್ಕೂ ಏನಾಗುತ್ತೆ?

ಚೀಟ್ ಕೋಡ್ ಬೇರೆ, ಗ್ಲಿಚ್ ಬೇರೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಿ 'ಮೋಸ' ಅಂತ ಹಣೆಪಟ್ಟಿ ಅಂಟಿಸೋದು ಸುಲಭ. ಆದರೆ ಒಂದರಲ್ಲಿ ನೀವು ಹೊರಗಿನಿಂದ ಕೈ ಹಾಕಿ ಗೇಮ್‌ನ ಮೆಮೊರಿಯಲ್ಲಿರುವ ಅಂಕಿ ತಿದ್ದುತ್ತೀರಿ. ಇನ್ನೊಂದರಲ್ಲಿ ಏನನ್ನೂ ತಿದ್ದಲ್ಲ. ಗೇಮ್ ಕೊಟ್ಟ ಬಟನ್‌ಗಳನ್ನೇ ಒತ್ತುತ್ತೀರಿ, ಅದರ ನಿಯಮಗಳೇ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಈ ವ್ಯತ್ಯಾಸ ಬರೀ ಗೇಮರ್‌ಗಳ ಹರಟೆಯಲ್ಲ. ಅಮೆರಿಕದ, ಯುರೋಪಿನ ಕೋರ್ಟುಗಳು ಇದರ ಸುತ್ತ ತಲೆ ಕೆಡಿಸಿಕೊಂಡಿವೆ, ಜಪಾನಿನಲ್ಲಿ ಬಂಧನಗಳಾಗಿವೆ. ಉದಾಹರಣೆಗೆ ನಾನು ಆರಿಸಿಕೊಂಡಿರೋದು 1996ರ ಫೆಬ್ರವರಿಯಲ್ಲಿ ಜಪಾನಿನಲ್ಲಿ, 1998ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಪೊಕೆಮಾನ್‌ನ ಮೊದಲ ತಲೆಮಾರು. ಇಲ್ಲಿ ಹೇಳೋದೆಲ್ಲ ಇಂಗ್ಲಿಷ್‌ನ 'ರೆಡ್' ಮತ್ತು 'ಬ್ಲೂ' ಆವೃತ್ತಿಗಳಿಗೆ ಅನ್ವಯಿಸುತ್ತೆ.

ಮೊದಲು ಯಂತ್ರದ ಬಗ್ಗೆ ಎರಡು ಮಾತು. ಗೇಮ್ ಬಾಯ್ 1989ರ ಸಾಧನ. ಪ್ರೊಸೆಸರ್ 8 ಬಿಟ್‌ನದು, ಕೆಲಸದ ಮೆಮೊರಿ ಬರೀ 8 ಕಿಲೋಬೈಟ್. ಇವತ್ತು ವಾಟ್ಸಾಪ್‌ನಲ್ಲಿ ಬರೋ ಒಂದು ಗುಡ್ ಮಾರ್ನಿಂಗ್ ಫೋಟೋ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅಷ್ಟರಲ್ಲೇ ಊರು, ಕಾಡು, ಯುದ್ಧ, ಚೀಲ, ಹಣ ಎಲ್ಲ ಹಿಡಿಸಬೇಕು. ಹಾಗಾಗಿ ಒಂದೇ ಜಾಗವನ್ನು ಬೇರೆ ಬೇರೆ ಹೊತ್ತಲ್ಲಿ ಬೇರೆ ಬೇರೆ ಕೆಲಸಕ್ಕೆ ಬಳಸ್ತಾರೆ. ಬಾಡಿಗೆ ಮನೆ ಥರ. ಹಳೇ ಬಾಡಿಗೆದಾರ ಖಾಲಿ ಮಾಡುವಾಗ ಸಾಮಾನು ಬಿಟ್ಟು ಹೋದರೆ, ಹೊಸಬ ಅದನ್ನು ತನ್ನದೇ ಅಂದುಕೊಳ್ತಾನೆ. ಈ ಗೇಮ್‌ನ ಪ್ರಸಿದ್ಧ ಗ್ಲಿಚ್‌ಗಳಲ್ಲಿ ಹಲವು ಹುಟ್ಟಿದ್ದು ಹೀಗೆ.

ಹೆಸರೇ ಪ್ರಾಣಿಯಾಗುವ ಕಥೆ

ವಿರಿಡಿಯನ್ ಸಿಟಿಯಲ್ಲಿ ಒಬ್ಬ ಅಜ್ಜ ಇದ್ದಾನೆ. ಪೊಕೆಮಾನ್ ಹಿಡಿಯೋದು ಹೇಗೆ ಅಂತ ತೋರಿಸಿಕೊಡ್ತಾನೆ. ಆ ಪಾಠ ನಡೆಯುವಷ್ಟು ಹೊತ್ತು ತೆರೆಯ ಮೇಲೆ ಆಟಗಾರನ ಹೆಸರಿನ ಜಾಗದಲ್ಲಿ ಅಜ್ಜನ ಹೆಸರು ಬರಬೇಕು. ಹಾಗಾದರೆ ನಿಮ್ಮ ಹೆಸರನ್ನು ತಾತ್ಕಾಲಿಕವಾಗಿ ಎಲ್ಲಾದರೂ ಇಡಬೇಕಲ್ಲ? ಗೇಮ್ ಅದನ್ನು ಇಡೋದು, ಹುಲ್ಲಿನಲ್ಲಿ ಯಾವ ಕಾಡು ಪೊಕೆಮಾನ್ ಸಿಗುತ್ತೆ ಅನ್ನೋ ಪಟ್ಟಿ ಇರುವ ಜಾಗದಲ್ಲಿ. ಪಾಠ ಮುಗಿದ ಮೇಲೆ ಹೆಸರು ವಾಪಸ್ ಬರುತ್ತೆ, ಆದರೆ ಅಲ್ಲಿಟ್ಟ ನಕಲು ಅಳಿಸಿಹೋಗಲ್ಲ. ಹುಲ್ಲಿರುವ ಮುಂದಿನ ಪ್ರದೇಶಕ್ಕೆ ಹೋದಾಗ ಹೊಸ ಪಟ್ಟಿ ಅದರ ಮೇಲೆ ಬರುತ್ತೆ, ಅಲ್ಲಿಗೆ ಕಥೆ ಮುಗೀತು ಅಂತ ಬರೆದವರ ಲೆಕ್ಕ.

ಆದರೆ ನೀವು ನಡೆದು ಹೋಗದೆ ಸೀದಾ ಸಿನಬಾರ್ ದ್ವೀಪಕ್ಕೆ ಹಾರಿದರೆ? ಅಲ್ಲಿ ಹುಲ್ಲೇ ಇಲ್ಲ, ಹೊಸ ಪಟ್ಟಿ ಬರಲ್ಲ. ಈಗ ದ್ವೀಪದ ಪೂರ್ವ ತೀರದ ಅಂಚಿನಲ್ಲಿ ಮೇಲೆ-ಕೆಳಗೆ ಈಜಿ. ಆ ಅಂಚಿನ ಚೌಕಗಳು ಅರ್ಧ ದಡ, ಅರ್ಧ ನೀರು. ಗೇಮ್ ಒಂದು ಸಲ ಚೌಕದ ಬಲಭಾಗ ನೋಡಿ 'ಇದು ನೀರು, ಇಲ್ಲಿ ಪ್ರಾಣಿ ಸಿಗಬಹುದು' ಅನ್ನುತ್ತೆ. ಇನ್ನೊಂದು ಸಲ ಎಡಭಾಗ ನೋಡಿ 'ಇದು ನೀರಲ್ಲ, ಹುಲ್ಲಿನ ಪಟ್ಟಿ ತೆಗಿ' ಅನ್ನುತ್ತೆ. ಆ ಪಟ್ಟಿಯಲ್ಲಿ ಕೂತಿರೋದು ನಿಮ್ಮ ಹೆಸರು. ಹೆಸರಿನ 3, 5, 7ನೇ ಅಕ್ಷರಗಳು ಯಾವ ಪ್ರಾಣಿ ಅಂತ ನಿರ್ಧರಿಸುತ್ತವೆ. 2, 4, 6ನೇ ಅಕ್ಷರಗಳು ಅದರ ಲೆವೆಲ್ ಆಗುತ್ತವೆ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಈ ಗೇಮ್ ಕೊಟ್ಟಿರುವ ಅಂಕಿಗಳು 128ರಿಂದ 153. ಅದಕ್ಕೇ 100ರ ಮಿತಿ ಇರುವ ಆಟದಲ್ಲಿ 128ಕ್ಕೂ ಮೇಲಿನ ಲೆವೆಲ್‌ನ ಪೊಕೆಮಾನ್ ಎದುರಾಗುತ್ತೆ.

ಮಿಸಿಂಗ್‌ನೋ ಬರೋದೂ ಇಲ್ಲಿಂದಲೇ. ಗೇಮ್‌ನ ಒಳಗಿನ ಪಟ್ಟಿಯಲ್ಲಿ 190 ಸ್ಥಾನಗಳಿವೆ, ಪೊಕೆಮಾನ್ ಇರೋದು 151. ಉಳಿದ 39 ಖಾಲಿ ಕುರ್ಚಿಗಳಿಗೆಲ್ಲ ಇಟ್ಟ ಹೆಸರು ಮಿಸಿಂಗ್‌ನೋ, ಅಂದ್ರೆ 'ಸಂಖ್ಯೆ ಇಲ್ಲ'. ಹೆಸರು ಮುಗಿಯಿತು ಅಂತ ಸೂಚಿಸುವ ಗುರುತಿನ ಅಂಕಿ ಕೂಡ ಇಂಥದ್ದೇ ಒಂದು ಖಾಲಿ ಕುರ್ಚಿಯ ಸಂಖ್ಯೆ. ಅದು ಸರಿಯಾದ ಸ್ಥಾನದಲ್ಲಿ ಬಿದ್ದರೆ ಸಾಕು.

ಮಿಸಿಂಗ್‌ನೋ ಕಂಡ ತಕ್ಷಣ ಚೀಲದ ಆರನೇ ವಸ್ತು 128 ಹೆಚ್ಚಾಗೋದು ಯಾಕೆ ಅನ್ನೋದು ನನಗೆ ಇಡೀ ಗೇಮ್‌ನಲ್ಲೇ ಅತ್ಯಂತ ಇಷ್ಟವಾದ ಭಾಗ. ಪ್ರತಿ ಪೊಕೆಮಾನ್ ನೋಡಿದಾಗ ಗೇಮ್ ಒಂದು ಟಿಕ್ ಗುರುತು ಹಾಕಿಕೊಳ್ಳುತ್ತೆ. ಮಿಸಿಂಗ್‌ನೋ ಸಂಖ್ಯೆ 0. ಲೆಕ್ಕ ಸೊನ್ನೆಯಿಂದ ಶುರುವಾಗೋದರಿಂದ ಒಂದು ಕಳೀಬೇಕು. 8 ಬಿಟ್ ಗಣಿತದಲ್ಲಿ 0ರಿಂದ 1 ಕಳೆದರೆ ಬರೋದು 255. ಟಿಕ್ ಪಟ್ಟಿ ಇರೋದು 19 ಬೈಟ್ ಮಾತ್ರ, ಅದರ ಪಕ್ಕದಲ್ಲೇ ನಿಮ್ಮ ಚೀಲ. 255ನೇ ಟಿಕ್ ಹೋಗಿ ಬೀಳೋದು ಆರನೇ ವಸ್ತುವಿನ ಎಣಿಕೆಯ ಅತಿ ದೊಡ್ಡ ಬಿಟ್ ಮೇಲೆ, ಅದರ ಬೆಲೆ 128. ಒಂದೇ ಒಂದು 'ರೇರ್ ಕ್ಯಾಂಡಿ' ಇಟ್ಟಿದ್ದರೆ 129 ಆಗುತ್ತೆ. ಮೊದಲೇ 128 ದಾಟಿದ್ದರೆ ಏನೂ ಬದಲಾಗಲ್ಲ.

ಅಪಾಯ? ಅತಿಯಾಗಿ ಹಬ್ಬಿದ ಭಯ. ನಿಂಟೆಂಡೊ ತನ್ನ ಪತ್ರಿಕೆಯಲ್ಲಿ 1999ರಲ್ಲಿ, ಇದರಿಂದ ಸೇವ್ ಅಳಿಸಿಹೋಗಬಹುದು ಅಂತ ಎಚ್ಚರಿಸಿತ್ತು. ವಾಸ್ತವದಲ್ಲಿ ಮಿಸಿಂಗ್‌ನೋ ಚಿತ್ರ ಗೇಮ್ ಕೊಟ್ಟ ಜಾಗಕ್ಕಿಂತ ದೊಡ್ಡದು. ಬಿಡಿಸುವಾಗ ಅದು ಪಕ್ಕದಲ್ಲಿರುವ 'ಹಾಲ್ ಆಫ್ ಫೇಮ್' ದಾಖಲೆಯನ್ನು ಕೆಡಿಸುತ್ತೆ. ನಿಮ್ಮ ತಂಡ, ಹಣ, ಪ್ರಗತಿಗೆ ಸಾಮಾನ್ಯವಾಗಿ ಏನೂ ಆಗಲ್ಲ.

ಎಲ್ಲರ ಬಳಿ ಇದ್ದರೂ ಯಾರಿಗೂ ಸಿಗದ ಮ್ಯೂ

ರಾಜಕೀಯ ಇರೋದು ಇಲ್ಲಿ. ಗೇಮ್ ಮುಗಿಯುವ ಹಂತದಲ್ಲಿ ಪರೀಕ್ಷೆಗೆ ಬಳಸಿದ ಕೋಡ್ ತೆಗೆದಾಗ ಕಾರ್ಟ್ರಿಡ್ಜ್‌ನಲ್ಲಿ ಸುಮಾರು 300 ಬೈಟ್ ಉಳಿಯಿತು. ಪ್ರೋಗ್ರಾಮರ್ ಶಿಗೆಕಿ ಮೊರಿಮೊಟೊ ಅದರಲ್ಲಿ 151ನೇ ಪೊಕೆಮಾನ್ ಮ್ಯೂವನ್ನು ತುರುಕಿದರು. ಆಟದಲ್ಲಿ ಅದನ್ನು ಹಿಡಿಯಲು ದಾರಿಯೇ ಇರಲಿಲ್ಲ. 1996ರಲ್ಲಿ ಜಪಾನಿನ ಮಕ್ಕಳ ಪತ್ರಿಕೆ ಕೊರೊಕೊರೊ ಮೂಲಕ ಲಾಟರಿ ನಡೆಸಿ 20 ಜನಕ್ಕೆ ಮ್ಯೂ ಕೊಟ್ಟರು. ಗಮನಿಸಿ: ವಸ್ತು ಪ್ರತಿಯೊಬ್ಬ ಖರೀದಿದಾರನ ಕಾರ್ಟ್ರಿಡ್ಜ್‌ನಲ್ಲೂ ಇತ್ತು. ಹಂಚಿದ್ದು ವಸ್ತುವನ್ನಲ್ಲ, ಅನುಮತಿಯನ್ನು. ದುಡ್ಡು ಕೊಟ್ಟು ತಂದ ಸಾಧನದೊಳಗೆ ಬೀಗ ಹಾಕಿ ಕೀಲಿ ಕಂಪನಿ ಇಟ್ಟುಕೊಳ್ಳೋ ಈ ಪದ್ಧತಿ ಇವತ್ತು ಕಾರು, ಪ್ರಿಂಟರ್, ಟ್ರ್ಯಾಕ್ಟರ್‌ವರೆಗೂ ಬಂದಿದೆ.

2003ರಲ್ಲಿ ಆಟಗಾರರೇ ಆ ಬೀಗ ತೆಗೆದರು, ಹೊರಗಿನ ಯಾವ ಸಲಕರಣೆಯೂ ಇಲ್ಲದೆ. ಸೆರುಲಿಯನ್ ಸಿಟಿಯ ಉತ್ತರಕ್ಕೆ ರೂಟ್ 24ರ ಹುಲ್ಲಿನಲ್ಲಿ ಒಬ್ಬ ಟ್ರೇನರ್ ನಿಂತಿರುತ್ತಾನೆ. ಅವನ ಜೊತೆ ಮೊದಲೇ ಕಾದಾಡಿರಬಾರದು. ಟೆಲಿಪೋರ್ಟ್ ಗೊತ್ತಿರುವ ಅಬ್ರಾ ನಿಮ್ಮ ಬಳಿ ಇರಬೇಕು. ಅದು ಅದೇ ರೂಟ್‌ನಲ್ಲಿ ಸಿಗುತ್ತೆ. ಅವನ ಕಣ್ಣಿಗೆ ಬೀಳುವ ಹೆಜ್ಜೆ ಮುಗಿಯುವ ಕ್ಷಣದಲ್ಲೇ ಸ್ಟಾರ್ಟ್ ಒತ್ತಿ, ಟೆಲಿಪೋರ್ಟ್ ಮಾಡಿ. ಅವನು ನಿಮ್ಮನ್ನು ನೋಡಿದ, ಆದರೆ ನೀವು ಮಾಯ. ಗೇಮ್ ಮಾತ್ರ 'ಒಂದು ಕಾದಾಟ ಬಾಕಿ ಇದೆ' ಅಂತ ನೆನಪಿಟ್ಟುಕೊಂಡಿರುತ್ತೆ. ಈಗ ರೂಟ್ 25ಕ್ಕೆ ಹೋಗಿ, ಸ್ಲೋಪೋಕ್ ಇಟ್ಟುಕೊಂಡಿರುವ ಹುಡುಗನ ಜೊತೆ ಕಾದಾಡಿ. ಅವನೇ ಕನಿಷ್ಠ ಒಂದು ಹೆಜ್ಜೆ ನಡೆದು ನಿಮ್ಮ ಹತ್ತಿರ ಬರಬೇಕು, ಇಲ್ಲದಿದ್ದರೆ ಗೇಮ್ ಸಿಕ್ಕಿಹಾಕಿಕೊಳ್ಳುತ್ತೆ. ಗೆದ್ದ ಮೇಲೆ ಮತ್ತೆ ಸೆರುಲಿಯನ್‌ಗೆ ಟೆಲಿಪೋರ್ಟ್ ಮಾಡಿ ರೂಟ್ 24ಕ್ಕೆ ನಡೆಯಿರಿ. ಮೆನು ತಾನಾಗಿ ತೆರೆದುಕೊಳ್ಳುತ್ತೆ. ಮುಚ್ಚಿ. ಎದುರಿಗೆ ಮ್ಯೂ, ಲೆವೆಲ್ 7.

ಯಾಕೆ ಮ್ಯೂ? ಆ ಹುಡುಗನ ಸ್ಲೋಪೋಕ್‌ನ 'ಸ್ಪೆಷಲ್' ಅಂಕಿ 21. ಪಟ್ಟಿಯಲ್ಲಿ ಮ್ಯೂ ಇರುವ ಸ್ಥಾನವೂ 21. ಬಾಕಿ ಉಳಿದ ಕಾದಾಟಕ್ಕೆ ಎದುರಾಳಿ ಯಾರು ಅಂತ ಗೇಮ್ ಹುಡುಕುವ ಜಾಗದಲ್ಲಿ ಉಳಿದಿದ್ದದ್ದು ಈ 21. ಲೆವೆಲ್ 7 ಬಂದಿದ್ದೂ ಹಾಗೇ: ಶತ್ರುವಿನ ದಾಳಿಯ ಬಲ ಏರದೆ ಇಳಿಯದೆ ಇದ್ದರೆ ಗೇಮ್ ಅದನ್ನು 7 ಅಂತ ಬರೆದಿಡುತ್ತೆ.

ಹೊರಗಿನಿಂದ ಕೈ ಹಾಕೋದು

ಚೀಟ್ ಕೋಡ್ ಇದಕ್ಕಿಂತ ನೇರ. ಗೇಮ್‌ಶಾರ್ಕ್ ಅನ್ನೋ ಸಾಧನವನ್ನು ಕಾರ್ಟ್ರಿಡ್ಜ್ ಮತ್ತು ಗೇಮ್ ಬಾಯ್ ನಡುವೆ ಸಿಕ್ಕಿಸಿ 0115ಡಿ8ಸಿಎಫ್ ಅಂತ ಹಾಕಿದರೆ ಕಾಡಲ್ಲಿ ಸಿಗೋದೆಲ್ಲ ಮ್ಯೂ. ಇದನ್ನು ಬಿಡಿಸಿ ಓದೋದು ಕಷ್ಟವಲ್ಲ. 01 ಅಂದರೆ 'ಒಂದು ಬೈಟ್ ಬರೆ'. ನಂತರದ 15, ಹದಿನಾರರ ಲೆಕ್ಕದಲ್ಲಿ ಬರೆದ ನಮ್ಮ ಅದೇ 21. ಉಳಿದ ನಾಲ್ಕು ಮೆಮೊರಿಯ ವಿಳಾಸ, ಹಿಂದುಮುಂದಾಗಿ: ಸಿಎಫ್‌ಡಿ8. ಅಂದರೆ ಗ್ಲಿಚ್‌ನವರು ಸುತ್ತಿ ಬಳಸಿ ತಲುಪಿದ ಅಂಕಿಯನ್ನೇ ಗೇಮ್‌ಶಾರ್ಕ್ ಬಾಗಿಲು ತಟ್ಟದೆ ಒಳಗಿಡುತ್ತೆ. ಹಣದ ಕೋಡ್ ಮೂರು ಸಾಲು, ಪ್ರತಿ ಸಾಲೂ ಒಂದೊಂದು 99 ಬರೆಯುತ್ತೆ, ಒಟ್ಟು 999999. ಸಾಧನ ಈ ಅಂಕಿಯನ್ನು ಮತ್ತೆ ಮತ್ತೆ ಬರೆಯುತ್ತಲೇ ಇರುತ್ತೆ, ಅದಕ್ಕೇ ಕೆಲಸ ಮುಗಿದ ಕೂಡಲೇ ಕೋಡ್ ಆಫ್ ಮಾಡಿ, ಆಮೇಲೆ ಸೇವ್ ಮಾಡೋದು ಒಳ್ಳೇದು.

ನಮ್ಮಲ್ಲಿ ಗೇಮ್ ಬಾಯ್ ಕೈಯಲ್ಲಿ ಹಿಡಿದವರು ಕಡಿಮೆ. ನನ್ನ ಹಾಗೆ ಹಲವರಿಗೆ ಪೊಕೆಮಾನ್ ಅಂದರೆ ಮೊದಲು ಕಾರ್ಟೂನ್ ನೆಟ್‌ವರ್ಕ್, ಆಮೇಲೆ ಕಂಪ್ಯೂಟರಿನಲ್ಲಿ ಎಮ್ಯುಲೇಟರ್. ಅದರಲ್ಲಿ ಚೀಟ್‌ಗೆ ಅಂತಲೇ ಮೆನು ಇರುತ್ತೆ, ಸಾಧನ ಬೇಕಿಲ್ಲ.

ಕೋರ್ಟು ಏನಂತು?

ಪ್ರಶ್ನೆ ಇಷ್ಟೇ: ನನ್ನ ಯಂತ್ರದ ಮೆಮೊರಿಯಲ್ಲಿರುವ ಅಂಕಿ ಯಾರದ್ದು? ಗೇಮ್ ಜೀನಿ ಅನ್ನೋ ಇಂಥದ್ದೇ ಸಾಧನದ ಮೇಲೆ ನಿಂಟೆಂಡೊ ಅಮೆರಿಕದಲ್ಲಿ ಗಲೂಬ್ ಕಂಪನಿಯ ಜೊತೆ ಕಾದಾಡಿತು. 1992ರಲ್ಲಿ ಅಲ್ಲಿನ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ, ಅದು ಗೇಮ್‌ನಿಂದ ಹೊಸ ಕೃತಿಯನ್ನು ಸೃಷ್ಟಿಸಲ್ಲ, ಹಕ್ಕುಸ್ವಾಮ್ಯ ಉಲ್ಲಂಘನೆ ಅಲ್ಲ ಅಂದಿತು. ವಿಚಾರಣೆ ನಡೆಯುವಾಗ ಮಾರಾಟ ತಡೆಹಿಡಿಸಿದ್ದಕ್ಕೆ ನಿಂಟೆಂಡೊ 1.5 ಕೋಟಿ ಡಾಲರ್ ಕಟ್ಟಿಕೊಡಬೇಕಾಯ್ತು. 2024ರ ಅಕ್ಟೋಬರ್ 17ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವೂ ಇದೇ ದಿಕ್ಕಿನಲ್ಲಿ ನಡೆಯಿತು. ಸೋನಿಯ ಕೈಗೇಮ್ ಪಿಎಸ್‌ಪಿಗೆ ಚೀಟ್ ತಂತ್ರಾಂಶ ಮಾಡಿದ್ದು ಡೇಟೆಲ್. ಆ ತಂತ್ರಾಂಶ ಪ್ರೋಗ್ರಾಂನ ಕೋಡ್ ಮುಟ್ಟದೆ, ಅದು ಓಡುವಾಗ ಮೆಮೊರಿಯಲ್ಲಿಟ್ಟ ಅಂಕಿಗಳನ್ನಷ್ಟೇ ಬದಲಿಸುತ್ತಿದ್ದರೆ, ಒಕ್ಕೂಟದ ತಂತ್ರಾಂಶ ನಿರ್ದೇಶನದ ರಕ್ಷಣೆ ಆ ಅಂಕಿಗಳಿಗೆ ಇಲ್ಲ ಅನ್ನೋದು ತೀರ್ಪು.

ಜಪಾನ್ ತದ್ವಿರುದ್ಧ. ಅನ್ಯಾಯದ ಪೈಪೋಟಿ ತಡೆಯುವ ಕಾನೂನಿಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಸೇವ್ ತಿದ್ದುವ ಸಲಕರಣೆ, ಸೇವೆ ಮಾರೋದು ಅಲ್ಲಿ ಅಪರಾಧದ ಪಟ್ಟಿಗೆ ಬಂತು. 2024ರಲ್ಲಿ ತಿದ್ದಿದ ಪೊಕೆಮಾನ್ ಮಾರಿದ ಆರೋಪದ ಮೇಲೆ ಒಬ್ಬರ ಬಂಧನವಾಯ್ತು. ಬೇರೆಯವರ ಜೊತೆ ಆಡುವ ಕಣಕ್ಕೆ ತಿದ್ದಿದ ಪ್ರಾಣಿ ತರೋದು ಮೋಸವೇ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅದಕ್ಕೆ ಆಟದಿಂದ ಹೊರಹಾಕಿದರೆ ಸಾಕು, ಪೊಲೀಸರು ಯಾಕೆ? ಒಬ್ಬನೇ ಕೂತು ಆಡುವವನ ಸೇವ್ ಫೈಲ್‌ಗೂ ಅದೇ ಸಲಕರಣೆ ಬೇಕು ಅನ್ನೋದನ್ನು ಈ ಕಾನೂನು ನೋಡೋದೇ ಇಲ್ಲ.

ಭಾರತದ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಸೆಕ್ಷನ್ ಡಿಜಿಟಲ್ ಬೀಗ ಒಡೆಯೋದಕ್ಕೆ ಎರಡು ವರ್ಷದವರೆಗೆ ಜೈಲು ಇಟ್ಟಿದೆ. ಆದರೆ ಹಕ್ಕು ಉಲ್ಲಂಘಿಸುವ ಉದ್ದೇಶ ಇರಬೇಕು ಅನ್ನೋ ಷರತ್ತೂ ಅದರಲ್ಲೇ ಇದೆ. ಪ್ರೋಗ್ರಾಂ ಹೇಗೆ ಕೆಲಸ ಮಾಡುತ್ತೆ ಅಂತ ಗಮನಿಸಲು, ಪರೀಕ್ಷಿಸಲು 52ನೇ ಸೆಕ್ಷನ್ ಅವಕಾಶ ಕೊಡುತ್ತೆ. ಅನಧಿಕೃತ ಗೇಮ್ ಫೈಲ್ ಇಳಿಸಿಕೊಳ್ಳೋದು ಬೇರೆ ವಿಷಯ, ಅದಕ್ಕೆ ಈ ರಕ್ಷಣೆ ಇಲ್ಲ.

ನಿಂಟೆಂಡೊ 2016ರ ಫೆಬ್ರವರಿ 27ರಂದು ಈ ಗೇಮ್‌ಗಳನ್ನು 3ಡಿಎಸ್‌ಗೆ ಮತ್ತೆ ತಂದಾಗ ಅಜ್ಜನ ಪಾಠ, ಮಿಸಿಂಗ್‌ನೋ, ರೂಟ್ 24ರ ಮ್ಯೂ ಎಲ್ಲವೂ ಹಾಗೇ ಇದ್ದವು. ಬದಲಾಗಿದ್ದು ಗಡಿ ಮಾತ್ರ. ಹಳೇ ಗೇಮ್‌ನಿಂದ ಹೊಸ ಗೇಮ್‌ಗೆ ಪೊಕೆಮಾನ್ ಸಾಗಿಸುವ ಸೇವೆ ಮ್ಯೂವಿನ ಮೂಲ ಒಡೆಯನ ಹೆಸರು, ಗುರುತಿನ ಸಂಖ್ಯೆ ನೋಡುತ್ತೆ. ಕಂಪನಿ ಹಂಚಿದ ಮ್ಯೂಗೆ ದಾರಿ ಬಿಡುತ್ತೆ, ಗ್ಲಿಚ್‌ನಲ್ಲಿ ಹಿಡಿದದ್ದನ್ನು ವಾಪಸ್ ಕಳಿಸುತ್ತೆ. ಕಾಗದ ತೋರಿಸು ಅನ್ನೋ ರೋಗ ಪೊಕೆಮಾನ್‌ಗಳನ್ನೂ ಬಿಟ್ಟಿಲ್ಲ ನೋಡಿ. 2023ರ ಮಾರ್ಚ್‌ನಲ್ಲಿ ಆ ಅಂಗಡಿಯೂ ಮುಚ್ಚಿತು. ಈಗ ಅಲ್ಲಿ ಈ ಗೇಮ್ ಹೊಸದಾಗಿ ಕೊಳ್ಳೋಕಾಗಲ್ಲ. ಹಳೇ ಕಾರ್ಟ್ರಿಡ್ಜ್ ಹುಡುಕುವವರು ಒಂದು ನೆನಪಿಡಿ: ಸೇವ್ ಉಳಿಯೋದು ಒಳಗಿರುವ ಪುಟ್ಟ ಬ್ಯಾಟರಿಯ ಬಲದಿಂದ, ಅದು ಸತ್ತರೆ ಸೇವ್ ಕೂಡ ಹೋಗುತ್ತೆ. ಕೊಳ್ಳುವ ಮುಂಚೆ ಬ್ಯಾಟರಿ ಬದಲಿಸಿದ್ದಾರಾ ಅಂತ ಕೇಳಿ.