ಮಸಾಲೆ ಡಬ್ಬಿಯ ಕಲ್ಲುಹೂವು ಹೊಟ್ಟೆಹುಣ್ಣಿಗೆ ಮದ್ದೇ?

ತುಮಕೂರಿನ ಗ್ರಂಧಿಗೆ ಅಂಗಡಿಯಲ್ಲಿ ಕಲ್ಲುಹೂವು ಕೇಳಿದರೆ ಒಣಗಿದ ಎಲೆಚೂರಿನಂಥದ್ದನ್ನು ಪೊಟ್ಟಣ ಕಟ್ಟಿ ಕೊಡುತ್ತಾರೆ. ಬಾಡೂಟದ ಮಸಾಲೆಗೆ ಅದರ ಘಮ ಬೇಕೇ ಬೇಕು. ಆದರೆ ಅದು ಹೂವಲ್ಲ, ಲೈಕೆನ್. ಗುಬ್ಬಿ, ಕುಣಿಗಲ್ ತೋಟಗಳ ತೆಂಗಿನ ಮರದ ಮೇಲೆ ಬಿಳಿ ಮಚ್ಚೆ ಕಾಣುತ್ತದಲ್ಲ, ಅದರ ನೆಂಟ.

ಲೈಕೆನ್ ಒಂದು ಜೀವಿಯಲ್ಲ, ಶಿಲೀಂಧ್ರ ಮತ್ತು ಪಾಚಿಯ ಕೂಡುಕುಟುಂಬ ಎಂದು ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡನರ್ 1867ರಲ್ಲಿ ಹೇಳಿದಾಗ ಹಲವು ಪಂಡಿತರು ಒಪ್ಪಲಿಲ್ಲ. ಪಾಚಿ ಬಿಸಿಲಲ್ಲಿ ಅಡುಗೆ ಮಾಡುತ್ತದೆ, ಶಿಲೀಂಧ್ರ ಮನೆ ಕಟ್ಟುತ್ತದೆ. ಜೊತೆಗೆ ಕೆಲವು ಆಮ್ಲಗಳನ್ನೂ ತಯಾರಿಸುತ್ತದೆ. ಅವುಗಳಲ್ಲಿ ಒಂದಾದ ಉಸ್ನಿಕ್ ಆಮ್ಲವನ್ನು 1844ರಲ್ಲೇ ಬೇರ್ಪಡಿಸಿದ್ದರು. ನಮ್ಮ ಆಯುರ್ವೇದಕ್ಕೂ ಕಲ್ಲುಹೂವು ಹೊಸದಲ್ಲ, ಅಲ್ಲಿ ಅದರ ಹೆಸರು ಶೈಲೇಯ.

ಇದಕ್ಕೂ ಹೊಟ್ಟೆಗೂ ಏನು ಸಂಬಂಧ? ಅಡಿಕೆ ಸುಲಿದು, ಕಾಯಿ ಹೊತ್ತು ಮಂಡಿ ನೋವು ಬಂದವರು ನೋವಿನ ಮಾತ್ರೆ ನುಂಗುವುದನ್ನು, ಆಮೇಲೆ ಹೊಟ್ಟೆ ಉರಿ ಎನ್ನುವುದನ್ನು ನಾವು ಊರೂರಲ್ಲಿ ಕೇಳುತ್ತೇವೆ. ಕಾರಣವನ್ನು ಬ್ರಿಟನ್ನಿನ ಜಾನ್ ವೇನ್ 1971ರಲ್ಲಿ ತೋರಿಸಿದರು. ಆಸ್ಪಿರಿನ್‌ನಂಥ ಮಾತ್ರೆಗಳು ನೋವು ತರುವ ಪ್ರೊಸ್ಟಾಗ್ಲಾಂಡಿನ್‌ಗಳನ್ನು ತಡೆಯುತ್ತವೆ. ಜಠರದ ಒಳಪದರವನ್ನು ಕಾಯುವುದೂ ಅವೇ.

ಟರ್ಕಿಯ ವಿಜ್ಞಾನಿಗಳು ಇಂಡೊಮೆಥಾಸಿನ್ ಎಂಬ ನೋವಿನ ಔಷಧಿಯಿಂದ ಇಲಿಗಳಲ್ಲಿ ಹೊಟ್ಟೆಹುಣ್ಣು ಬರಿಸಿ, ಉಸ್ನಿಕ್ ಆಮ್ಲ ಕೊಟ್ಟು ನೋಡಿದರು. ಹುಣ್ಣು ಕಡಿಮೆಯಾಯಿತೆಂದು 2006ರಲ್ಲಿ ಪ್ರಕಟಿಸಿದರು.

ಇಷ್ಟು ಓದಿ ಕಲ್ಲುಹೂವಿನ ಕಷಾಯಕ್ಕೆ ಒಲೆ ಹಚ್ಚಬೇಡಿ. ಆ ಆಮ್ಲ ಹೆಚ್ಚಾಗಿ ಸಿಗುವುದು ಮರದಿಂದ ಗಡ್ಡದಂತೆ ಜೋತುಬೀಳುವ ಉಸ್ನಿಯಾ ಜಾತಿಯ ಲೈಕೆನ್‌ಗಳಲ್ಲಿ. ನಮ್ಮ ಪೊಟ್ಟಣದಲ್ಲಿರುವುದು ಬೇರೆ ಜಾತಿ, ಕೆಲವೊಮ್ಮೆ ಹಲವು ಜಾತಿಗಳ ಮಿಶ್ರಣ. ಇನ್ನೂ ಮುಖ್ಯ ಮಾತು: ಅದೇ ಉಸ್ನಿಕ್ ಆಮ್ಲ ಬೆರೆಸಿದ ತೂಕ ಇಳಿಸುವ ಮಾತ್ರೆ ನುಂಗಿದವರ ಯಕೃತ್ತು ಕೆಟ್ಟಿತೆಂದು 2001ರಲ್ಲಿ ಅಮೆರಿಕದ ಔಷಧ ಇಲಾಖೆ ಎಚ್ಚರಿಸಿತ್ತು. ಇಲಿಯ ಹೊಟ್ಟೆ ಕಾಯ್ದದ್ದು ಮನುಷ್ಯರ ಯಕೃತ್ತಿಗೆ ಮುಳುವಾಗಬಹುದು.

ಹೊಟ್ಟೆಹುಣ್ಣಿಗೆ ನೋವಿನ ಮಾತ್ರೆಯೊಂದೇ ಕಾರಣವಲ್ಲ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದಿಂದಲೂ ಬರುತ್ತದೆ ಎಂದು ತೋರಿಸಿದ ಆಸ್ಟ್ರೇಲಿಯಾದ ಇಬ್ಬರು ವೈದ್ಯರಿಗೆ 2005ರಲ್ಲಿ ನೊಬೆಲ್ ಸಿಕ್ಕಿತು. ಅದಕ್ಕೆ ಪರೀಕ್ಷೆಯಿದೆ, ಗುಣಪಡಿಸುವ ಆ್ಯಂಟಿಬಯೋಟಿಕ್ ಇದೆ.

ಆದ್ದರಿಂದ ನೋವಿನ ಮಾತ್ರೆ ನಿಮ್ಮಷ್ಟಕ್ಕೆ ನೀವೇ ತಿಂಗಳುಗಟ್ಟಲೆ ನುಂಗಬೇಡಿ. ಮಲ ಟಾರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ಅದು 'ಗ್ಯಾಸು' ಅಲ್ಲ, ಅಂದೇ ಆಸ್ಪತ್ರೆಗೆ ಹೋಗಿ. ಲೈಕೆನ್‌ನಿಂದ ಮುಂದೊಂದು ದಿನ ಒಳ್ಳೆಯ ಔಷಧಿ ಬಂದರೂ ಬರಬಹುದು. ಅಲ್ಲಿಯವರೆಗೆ ಕಲ್ಲುಹೂವು ಮಸಾಲೆ ಡಬ್ಬಿಯಲ್ಲೇ ಇರಲಿ.