ನಮ್ಮ ನೆಲದ ಅಲ್ಪಸಂಖ್ಯಾತರು: ಯಾದಗಿರಿ, ಶಹಾಪುರ, ಸುರಪುರದ ಚರಿತ್ರೆ

'ಅಲ್ಪಸಂಖ್ಯಾತರು' ಎಂಬ ಮಾತು ನಮ್ಮ ಸಭೆಗಳಲ್ಲಿ, ಅರ್ಜಿಗಳಲ್ಲಿ, ವಿದ್ಯಾರ್ಥಿ ವೇತನದ ನಮೂನೆಗಳಲ್ಲಿ ದಿನನಿತ್ಯ ಬಳಕೆಯಾಗುತ್ತದೆ. ಆದರೆ ಈ ಅಲ್ಪಸಂಖ್ಯಾತರು ಯಾರು, ಈ ಊರುಗಳಿಗೆ ಯಾವಾಗ ಬಂದರು, ಯಾರೊಂದಿಗೆ ಬಾಳಿದರು ಎಂಬ ಪ್ರಶ್ನೆಗೆ ನಮ್ಮ ವಿದ್ಯಾರ್ಥಿಗಳಲ್ಲಿ ಉತ್ತರ ದೊರೆಯುವುದು ಕಡಿಮೆ. ಪಠ್ಯಪುಸ್ತಕಗಳಲ್ಲಿ ಬಹಮನಿ, ಆದಿಲ್‌ಶಾಹಿ, ನಿಜಾಮ ಎಂಬ ರಾಜಮನೆತನಗಳ ಹೆಸರುಗಳಿವೆ. ಊರಿನ ಪಿಂಜಾರನ, ನೇಕಾರನ, ಕಸಾಯಿಯ, ದರ್ಗಾದ ಮುಜಾವರನ ಹೆಸರಿಲ್ಲ. ಹೀಗಾಗಿ ಈ ಭಾಗದ ಮುಸಲ್ಮಾನರೆಂದರೆ ದಂಡಿನ ಜೊತೆ ಬಂದು ಉಳಿದವರು ಎಂಬ ತಪ್ಪು ಕಲ್ಪನೆ ಹೊರಗಿನವರಲ್ಲಿ ಮಾತ್ರವಲ್ಲ, ನಮ್ಮ ಮಕ್ಕಳಲ್ಲಿಯೂ ಬೇರೂರಿದೆ. ಈ ಮೂರು ತಾಲ್ಲೂಕುಗಳ ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ.

ಜನ ಮತ್ತು ಜಿಲ್ಲೆ

ಗುಲಬರ್ಗಾ ಜಿಲ್ಲೆಯ ಭಾಗವಾಗಿದ್ದ ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳು ಸೇರಿ 2010ರಲ್ಲಿ ರಾಜ್ಯದ 30ನೆಯ ಜಿಲ್ಲೆ ಕಾರ್ಯಾರಂಭ ಮಾಡಿತು. ಮುಂದೆ ಇವುಗಳಿಂದಲೇ ಗುರುಮಠಕಲ್, ವಡಗೇರಾ ಮತ್ತು ಹುಣಸಗಿ ತಾಲ್ಲೂಕುಗಳಾದವು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 11.74 ಲಕ್ಷ. ಇವರಲ್ಲಿ ನೂರಕ್ಕೆ ಸುಮಾರು 81 ಜನ ಹಳ್ಳಿಗಳಲ್ಲಿಯೇ ಇರುವವರು. ಮುಸಲ್ಮಾನರು ಶೇ. 13ರ ಆಸುಪಾಸಿನಲ್ಲಿದ್ದಾರೆ. ಕ್ರೈಸ್ತರು, ಜೈನರು ಅತಿ ಕಡಿಮೆ.

ಧರ್ಮದ ಲೆಕ್ಕವೊಂದೇ ಸಾಲದು. ತಾಂಡಾಗಳಲ್ಲಿ ಲಂಬಾಣಿ ಮಾತಾಡುವವರಿದ್ದಾರೆ, ಗುರುಮಠಕಲ್ ಕಡೆಯ ಗಡಿ ಹಳ್ಳಿಗಳಲ್ಲಿ ತೆಲುಗು ಮಾತಾಡುವವರಿದ್ದಾರೆ. ಸುರಪುರದಲ್ಲಿ ಸಂಸ್ಥಾನವನ್ನೇ ಆಳಿದ ಬೇಡ ನಾಯಕರ ಸಮುದಾಯವು ಇಂದು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದೆ. ಅಂದರೆ ಕನ್ನಡದ ಈ ಸೀಮೆಯಲ್ಲಿ ಒಂದೊಂದು ಹಳ್ಳಿಯೂ ಹಲವು ಜನರ ಕೂಡು ವಾಸ. ಮುಸಲ್ಮಾನರ ಚರಿತ್ರೆಯನ್ನು ಈ ಎಲ್ಲರ ನಡುವೆ ಇಟ್ಟು ಓದಬೇಕೇ ಹೊರತು ಪ್ರತ್ಯೇಕವಾಗಿ ಅಲ್ಲ.

ಸಗರದ ಪಾಠ

ಶಹಾಪುರ ತಾಲ್ಲೂಕಿನ ಸಗರ ಇಂದು ಒಂದು ಸಾಧಾರಣ ಊರು. ಆದರೆ ದೆಹಲಿಯ ತುಘಲಕರ ಕಾಲದಲ್ಲಿ ಇದು ದಖ್ಖನಿನ ಒಂದು ಮುಖ್ಯ ಆಡಳಿತ ಕೇಂದ್ರ. ಅದಕ್ಕೂ ಮೊದಲೇ, 13ನೆಯ ಶತಮಾನದಲ್ಲಿ, ಹಜರತ್ ಸೂಫಿ ಸರ್ಮಸ್ತ್ (ರ.ಅ.) ಅವರು ಇಲ್ಲಿಗೆ ಬಂದು ನೆಲೆಸಿದರೆಂಬುದು ದರ್ಗಾದ ಪರಂಪರೆಯ ನಂಬಿಕೆ. ಈಗಲೂ ಅವರ ದರ್ಗಾಕ್ಕೆ ಎಲ್ಲ ಜಾತಿಯ ಜನ ಬರುತ್ತಾರೆ.

1326-27ರಲ್ಲಿ ಸಗರದ ಅಧಿಕಾರಿಯಾಗಿದ್ದ ಬಹಾವುದ್ದೀನ್ ಗುರ್ಶಾಸ್ಪ್ ತನ್ನ ದಾಯಾದಿಯಾದ ಸುಲ್ತಾನ್ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದ. ಸೋತು ಓಡಿದವನಿಗೆ ಆಶ್ರಯ ಕೊಟ್ಟವನು ಕಂಪಿಲಿಯ ಅರಸ ಕಂಪಿಲರಾಯ. ಶರಣು ಬಂದವನನ್ನು ಒಪ್ಪಿಸಲಾರೆನೆಂದು ಸುಲ್ತಾನನ ದಂಡಿನೊಡನೆ ಹೋರಾಡಿ ಕಂಪಿಲರಾಯ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ. ಇವನ ಮಗನೇ ಕನ್ನಡ ಜನಪದರು ಇಂದಿಗೂ ಹಾಡುವ ಕುಮಾರರಾಮ. ಗುರ್ಶಾಸ್ಪ್ ಅಲ್ಲಿಂದ ಹೊಯ್ಸಳ ಬಲ್ಲಾಳನ ಬಳಿಗೆ ಹೋದಾಗ ಬಲ್ಲಾಳ ಅವನನ್ನು ಹಿಡಿದು ಒಪ್ಪಿಸಿಬಿಟ್ಟ. ಮುಸಲ್ಮಾನ ಸುಲ್ತಾನನ ಸೈನ್ಯ ಮುಸಲ್ಮಾನ ಸರದಾರನನ್ನು ಬೆನ್ನಟ್ಟಿತು. ಒಬ್ಬ ಹಿಂದೂ ಅರಸ ಅವನಿಗಾಗಿ ಸತ್ತ, ಇನ್ನೊಬ್ಬ ಹಿಂದೂ ಅರಸ ಅವನನ್ನು ಬಿಟ್ಟುಕೊಟ್ಟ. ಈ ಘಟನೆಯನ್ನು ಯಾವ ಧರ್ಮಯುದ್ಧದ ಸೂತ್ರದಿಂದಲೂ ವಿವರಿಸಲು ಸಾಧ್ಯವಿಲ್ಲ.

ಗೋಗಿಯ ಗೋರಿಗಳು

ಅದೇ ತಾಲ್ಲೂಕಿನ ಗೋಗಿಯಲ್ಲಿ ಹಜರತ್ ಚಂದಾ ಹುಸೇನಿ (ರ.ಅ.) ಅವರ ದರ್ಗಾ ಇದೆ. ವಿಜಾಪುರದ ಆದಿಲ್‌ಶಾಹಿ ಮನೆತನದ ಸ್ಥಾಪಕ ಯೂಸುಫ್ ಆದಿಲ್ ಶಾಹ 1510ರಲ್ಲಿ ತೀರಿಕೊಂಡಾಗ ಅವನನ್ನು ದಫನ ಮಾಡಿದ್ದು ವಿಜಾಪುರದಲ್ಲಲ್ಲ, ಈ ಗೋಗಿಯಲ್ಲಿ. ನಂತರದ ಇಸ್ಮಾಯಿಲ್, ಮಲ್ಲು ಮತ್ತು ಒಂದನೆಯ ಇಬ್ರಾಹೀಂ ಅವರ ಗೋರಿಗಳೂ ಇಲ್ಲಿಯೇ ಇವೆ. ಗೋಳಗುಮ್ಮಟವನ್ನು ನೋಡಲು ದೂರದ ದೇಶಗಳಿಂದ ಜನ ಬರುತ್ತಾರೆ. ಆ ವಂಶದ ಮೊದಲ ಅರಸರು ನಮ್ಮ ಹಳ್ಳಿಯ ಸಂತರ ಪಾದದ ಬಳಿ ಸಾದಾ ಗೋರಿಗಳಲ್ಲಿ ಮಲಗಿದ್ದಾರೆಂಬುದು ನಮ್ಮ ಜಿಲ್ಲೆಯ ಎಷ್ಟು ಮಕ್ಕಳಿಗೆ ಗೊತ್ತು?

1534ರಿಂದ 1558ರವರೆಗೆ ಆಳಿದ ಒಂದನೆಯ ಇಬ್ರಾಹೀಂ ಕಂದಾಯದ ಲೆಕ್ಕಪತ್ರಗಳನ್ನು ಪಾರ್ಸಿಯಿಂದ ಸ್ಥಳೀಯ ಭಾಷೆಗೆ ಬದಲಾಯಿಸಿದನೆಂದು ಚರಿತ್ರೆ ಹೇಳುತ್ತದೆ. ಇದರಿಂದ ಊರಿನ ಕುಲಕರ್ಣಿ, ದೇಶಪಾಂಡೆಯರು ಆಡಳಿತದೊಳಗೆ ಬಂದರು. ಮತ್ತೊಂದು ಕಡೆ ಪಾರ್ಸಿ, ಅರಬ್ಬಿ ಶಬ್ದಗಳು ಕನ್ನಡದೊಳಗೆ ಬಂದವು. ಜಿಲ್ಲೆ, ತಾಲ್ಲೂಕು, ತಹಶೀಲ್ದಾರ, ಜಮೀನು, ದಫ್ತರ, ಅರ್ಜಿ, ವಕೀಲ, ವಸೂಲಿ, ಕಡೆಗೆ ನಮ್ಮೆಲ್ಲರ ಅನ್ನದಾತನಾದ 'ರೈತ' ಎಂಬ ಶಬ್ದವೂ ಹೀಗೆ ಬಂದದ್ದೇ. ಈಗ ಇವುಗಳನ್ನು ಪರಭಾಷೆಯೆಂದು ಯಾರೂ ಎಣಿಸುವುದಿಲ್ಲ.

ಹಳ್ಳಿಯ ಮುಸಲ್ಮಾನರು

ಸರದಾರರು, ಜಾಗೀರದಾರರು ಕೈಬೆರಳೆಣಿಕೆಯಷ್ಟು. ಉಳಿದವರು ದುಡಿಯುವ ಜನ. ಹತ್ತಿ ಹಿಂಜುವ ಪಿಂಜಾರ ಅಥವಾ ನದಾಫರು, ಮಗ್ಗದ ಮೋಮಿನರು, ಕಸಾಯಿಗಳು, ಕುದುರೆ ಎತ್ತುಗಳಿಗೆ ಲಾಳ ಹೊಡೆಯುವ ನಾಲಬಂದರು, ಅತ್ತರ ಮಾರುವ ಅತ್ತಾರರು, ಮನೆ ಮನೆಗೆ ಹೋಗುವ ದರವೇಶಿಗಳು: ಹೀಗೆ ಕಸುಬೇ ಹೆಸರಾದ ಸಮುದಾಯಗಳು ಉತ್ತರ ಕರ್ನಾಟಕದ ಉದ್ದಕ್ಕೂ ಇವೆ. ಇವುಗಳಲ್ಲಿ ಪಿಂಜಾರ, ನದಾಫ, ನಾಲಬಂದ, ಕಸಾಯಿ, ಅತ್ತಾರ, ದರವೇಶು ಮುಂತಾದವು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ 1ರಲ್ಲಿ ಸೇರಿವೆ. ಇವರಲ್ಲಿ ಹೆಚ್ಚಿನವರು ಬೇರೆ ದೇಶದಿಂದ ಬಂದವರಲ್ಲ; ಇದೇ ನೆಲದ ಕಸುಬುಗಳಲ್ಲಿದ್ದು ಸೂಫಿಗಳ ಪ್ರಭಾವದಿಂದ ನಿಧಾನವಾಗಿ ಇಸ್ಲಾಮಿಗೆ ಬಂದವರು. ಪಿಂಜಾರರಲ್ಲಿ ಎಷ್ಟೋ ಕುಟುಂಬಗಳ ಮನೆಮಾತೇ ಕನ್ನಡ.

ಊರಿನ ಬದುಕೂ ಹಾಗೆಯೇ ಹೆಣೆದುಕೊಂಡಿತು. ಕೃಷ್ಣಾ ದಂಡೆಯ ತಿಂಥಣಿಯ ಮೌನೇಶ್ವರರನ್ನು ಮುಸಲ್ಮಾನರು ಮೌನುದ್ದೀನ್ ಎಂದು ಕರೆದರು. ಕೊಡೇಕಲ್ಲಿನ ಬಸವಣ್ಣನ ಪರಂಪರೆಯಲ್ಲಿ ಶರಣರ ಮತ್ತು ಸೂಫಿಗಳ ದಾರಿಗಳು ಕೂಡಿಕೊಂಡವು. ಮುಸಲ್ಮಾನರ ಮನೆ ಒಂದೆರಡೇ ಇರುವ ಹಳ್ಳಿಗಳಲ್ಲಿಯೂ ಮೊಹರಮ್ಮಿಗೆ ಅಲಾಯಿ ಕುಣಿ ತೋಡಿ ಪೀರಗಳನ್ನು ಕೂಡಿಸುವವರು ಹಿಂದೂಗಳು. ಕರ್ಬಲಾದ ಕಥೆಯನ್ನು ರಿವಾಯತ್ ಪದಗಳಾಗಿ ಹಾಡುವುದು ಶುದ್ಧ ಹಳ್ಳಿಗನ್ನಡದಲ್ಲಿ. ಇಂಥ ಆಚರಣೆಗಳ ಧಾರ್ಮಿಕ ಔಚಿತ್ಯದ ಬಗ್ಗೆ ನಮ್ಮ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಅದು ಬೇರೆ ಚರ್ಚೆ. ಆದರೆ ನೂರಾರು ವರ್ಷ ಜನ ಒಬ್ಬರನ್ನೊಬ್ಬರು ಹೇಗೆ ಅರ್ಥ ಮಾಡಿಕೊಂಡರು ಎಂಬುದಕ್ಕೆ ಅವು ಚರಿತ್ರೆಯ ಸಾಕ್ಷಿಗಳು.

ಸುರಪುರದ ಸಂಸ್ಥಾನ

ಸುರಪುರದ ಬೇಡ ನಾಯಕರು ಆದಿಲ್‌ಶಾಹಿಗಳ ಕಾಲದಲ್ಲಿಯೇ ಪ್ರಬಲರಾದರು. 1686ರಲ್ಲಿ ಔರಂಗಜೇಬನ ಸೈನ್ಯ ವಿಜಾಪುರವನ್ನು ಮುತ್ತಿದಾಗ ಸಿಕಂದರ್ ಆದಿಲ್ ಶಾಹನ ನೆರವಿಗೆ ಬಂದವರಲ್ಲಿ ಈ ನಾಯಕರೂ ಇದ್ದರು. 1705ರಲ್ಲಿ ಮುಪ್ಪಿನ ಔರಂಗಜೇಬ ಸ್ವತಃ ಬಂದು ವಾಗಿನಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಅದು ಅವನ ಜೀವಮಾನದ ಕೊನೆಯ ದೊಡ್ಡ ಮುತ್ತಿಗೆ. ಕೋಟೆ ಬಿದ್ದರೂ ನಾಯಕರು ಬೀಳಲಿಲ್ಲ. ಸುರಪುರ ಅವರ ಹೊಸ ರಾಜಧಾನಿಯಾಯಿತು.

1841ರಲ್ಲಿ ಬಾಲ ರಾಜನ ಪರವಾಗಿ ಆಡಳಿತ ನೋಡಿಕೊಳ್ಳಲು ಬಂದ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ 'ಟೇಲರ್ ಮಂಜಿಲ್' ಎಂಬ ಹೆಸರಿನಿಂದ ಈಗಲೂ ಸುರಪುರದ ಗುಡ್ಡದ ಮೇಲಿದೆ. ಆ ಬಾಲಕನೇ ಮುಂದೆ ಬ್ರಿಟಿಷರ ವಿರುದ್ಧ ನಿಂತ ನಾಲ್ವಡಿ ವೆಂಕಟಪ್ಪ ನಾಯಕ. 1858ರ ಫೆಬ್ರುವರಿಯಲ್ಲಿ ಸುರಪುರದಲ್ಲಿ ನಡೆದ ಕಾಳಗದಲ್ಲಿ ಅವನ ಪರವಾಗಿ ಬೇಡರ ಜೊತೆಗೆ ಅರಬರು ಮತ್ತು ರೋಹಿಲ್ಲಾ ಪಠಾಣರು ಹೋರಾಡಿದರು. ಸೆರೆ ಸಿಕ್ಕ ರಾಜ ಅದೇ ವರ್ಷ ಬಂದೀಖಾನೆಗೆ ಸಾಗಿಸುವ ದಾರಿಯಲ್ಲಿ ಗುಂಡೇಟಿನಿಂದ ಸತ್ತ. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಒಪ್ಪಿಸಿದರು. ವೆಂಕಟಪ್ಪ ನಾಯಕನ ಜಯಂತಿಯಲ್ಲಿ ಭಾಷಣ ಮಾಡುವವರು ಆ ಅರಬ, ರೋಹಿಲ್ಲಾ ಸಿಪಾಯಿಗಳನ್ನೂ ಒಂದು ಮಾತಿನಲ್ಲಿ ನೆನೆಯುವುದು ನ್ಯಾಯ.

1948ರ ಗಾಯ

ಚರಿತ್ರೆಯಲ್ಲಿ ಸಿಹಿಯನ್ನಷ್ಟೇ ಆರಿಸಿ ಹೇಳುವುದು ಸರಿಯಲ್ಲ. 1947-48ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ರಜಾಕಾರರು ನಡೆಸಿದ ಹಿಂಸೆಗೆ ನಮ್ಮ ಸೀಮೆಯ ಹಳ್ಳಿಗಳೂ ನಲುಗಿದವು. ಅದನ್ನು ನಾವು ಮುಚ್ಚಿಡಬಾರದು. 17 ಸೆಪ್ಟೆಂಬರ್ 1948ರಂದು ನಿಜಾಮನ ಸೈನ್ಯ ಶರಣಾಯಿತು. ಅದರ ಬೆನ್ನಲ್ಲೇ ರಜಾಕಾರರಲ್ಲದ, ರಾಜಕೀಯದ ಗಾಳಿಗೂ ಸಿಲುಕದ ಸಾವಿರಾರು ಹಳ್ಳಿಯ ಮುಸಲ್ಮಾನರು ಹತ್ಯೆಗೀಡಾದರು. ಇದನ್ನೂ ಮುಚ್ಚಿಡಬಾರದು. ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರ ತಂಡ ಅದೇ ವರ್ಷದ ಕೊನೆಯಲ್ಲಿ ಸಂಸ್ಥಾನದಲ್ಲಿ ಸಂಚರಿಸಿ ಸರಕಾರಕ್ಕೆ ವರದಿ ಕೊಟ್ಟಿತು. ಸತ್ತವರ ಸಂಖ್ಯೆಯನ್ನು ವರದಿ 27 ಸಾವಿರದಿಂದ 40 ಸಾವಿರವೆಂದು ಅಂದಾಜಿಸಿತು. ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ತಾಲ್ಲೂಕುಗಳು ಸೇರಿದ್ದ ಗುಲಬರ್ಗಾವೂ ಒಂದು. ದಶಕಗಳ ಕಾಲ ಮುಚ್ಚಿದ್ದ ಈ ವರದಿ ಜನರ ಓದಿಗೆ ಸಿಕ್ಕಿದ್ದು 2013ರಲ್ಲಿ.

ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಪ್ರಾಣದ ಹಂಗು ತೊರೆದು ನೆರೆಯ ಮುಸಲ್ಮಾನರನ್ನು ಕಾಪಾಡಿದ ಹಿಂದೂಗಳನ್ನು ಅದು ದಾಖಲಿಸಿದೆ. ವಿಶೇಷವಾಗಿ ಹಿಂದೂ ನೇಕಾರರು ಮುಸಲ್ಮಾನ ನೇಕಾರರ ರಕ್ಷಣೆಗೆ ನಿಂತರು, ಕೆಲವರು ಅದಕ್ಕಾಗಿ ಜೀವವನ್ನೇ ಕೊಟ್ಟರು. ಕಂಪಿಲರಾಯನ ನಂತರ ಆರು ನೂರು ವರ್ಷ ದಾಟಿದ ಮೇಲೂ ಶರಣು ಬಂದವರನ್ನು ಕಾಯುವ ಗುಣ ಈ ಸೀಮೆಯಲ್ಲಿ ಸತ್ತಿರಲಿಲ್ಲ. ಈ ಬಾರಿ ಅದನ್ನು ತೋರಿಸಿದವರು ಅರಸರಲ್ಲ, ಮಗ್ಗದ ಮುಂದೆ ಕೂತು ದುಡಿಯುವ ಬಡವರು.

ಭಾಷೆ ಮತ್ತು ಶಾಲೆ

1948ರ ನಂತರದ ಇನ್ನೊಂದು ನಷ್ಟ ಸದ್ದಿಲ್ಲದೆ ಆಯಿತು. ನಿಜಾಮರ ಕಾಲದಲ್ಲಿ 1880ರ ದಶಕದಿಂದ ಉರ್ದು ಆಡಳಿತ ಭಾಷೆಯಾಗಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದು. ಆಗ ಕನ್ನಡ ಮನೆಮಾತಿನ ರೈತನ ಮಗು ತನ್ನದಲ್ಲದ ಭಾಷೆಯಲ್ಲಿ ಓದಬೇಕಾಯಿತು, ಹೆಚ್ಚಿನವರು ಓದಲೇ ಇಲ್ಲ. 1 ನವೆಂಬರ್ 1956ರಂದು ಗುಲಬರ್ಗಾ ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಚಕ್ರ ತಿರುಗಿತು. ಉರ್ದು ಬಲ್ಲ ಗುಮಾಸ್ತನ ವಿದ್ಯೆ ಕಚೇರಿಯಲ್ಲಿ ಬೆಲೆ ಕಳೆದುಕೊಂಡಿತು. ಅವನ ಮಗು ಕನ್ನಡ ಕಲಿಯುವ ಮೊದಲೇ ಶಾಲೆ ಬಿಟ್ಟಿತು. ಒಮ್ಮೆ ಬಹುಸಂಖ್ಯಾತರಿಗೆ ಆದ ಅನ್ಯಾಯ ಮತ್ತೊಮ್ಮೆ ಅಲ್ಪಸಂಖ್ಯಾತರಿಗೆ ಆಯಿತು. ಎರಡೂ ಸಲ ಹಿಂದೆ ಬಿದ್ದದ್ದು ಬಡವರ ಮಕ್ಕಳೇ.

ಇದರ ಫಲ ನಮ್ಮ ಕಣ್ಣ ಮುಂದಿದೆ. 2011ರಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಅತಿ ಕಡಿಮೆ, ಮಹಿಳೆಯರದು ಶೇ. 41ರಷ್ಟು ಮಾತ್ರ. 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿಯೂ ಜಿಲ್ಲೆ ಕೊನೆಯ ಸ್ಥಾನದಲ್ಲಿತ್ತು. ಇದು ಮುಸಲ್ಮಾನರೊಬ್ಬರ ಸಮಸ್ಯೆಯಲ್ಲ. ಬೇಡರ, ಲಂಬಾಣಿಗರ, ದಲಿತರ ಮಕ್ಕಳೂ ಅದೇ ಸಾಲಿನಲ್ಲಿದ್ದಾರೆ. ಅವರ ತಂದೆ ತಾಯಿಯರೂ ಬೆಂಗಳೂರಿಗೆ ಗುಳೆ ಹೋಗುತ್ತಾರೆ. 371(ಜೆ) ವಿಧಿಯ ಮೀಸಲಾತಿ 2013ರಿಂದ ಈ ಭಾಗದ ಎಲ್ಲರಿಗೂ ಬಾಗಿಲು ತೆರೆದಿದೆ. ಆದರೆ ಆ ಬಾಗಿಲಿನವರೆಗೆ ನಡೆದು ಹೋಗಲು ಮೊದಲು ಎಸ್.ಎಸ್.ಎಲ್.ಸಿ. ದಾಟಬೇಕು.

ನಮ್ಮ ಕರ್ತವ್ಯ

ಆದ್ದರಿಂದ ವಿದ್ಯಾರ್ಥಿಗಳು ಕನ್ನಡವನ್ನು ಬದುಕಿಗಾಗಿ, ಹಕ್ಕಿಗಾಗಿ ಚೆನ್ನಾಗಿ ಕಲಿಯಬೇಕು. ಅದು ನಮ್ಮ ನೆಲದ ಭಾಷೆ. ಉರ್ದುವನ್ನೂ ಕೈಬಿಡಬಾರದು, ಅದು ನಮ್ಮ ದಫ್ತರದ ಬೀಗದ ಕೈ. ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿ ಪಾರ್ಸಿ, ಉರ್ದು, ಮೋಡಿ ಲಿಪಿಯ ಸನದುಗಳು, ಇನಾಮ ಪತ್ರಗಳು, ಖರೀದಿ ಕಾಗದಗಳು ಗೆದ್ದಲಿಗೆ ಆಹಾರವಾಗುತ್ತಿವೆ. ಓದಬಲ್ಲ ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ವಕ್ಫ್ ಜಮೀನಿನ ತಕರಾರು ಬಂದಾಗ ಮಾತ್ರ ಈ ಕಾಗದಗಳ ನೆನಪಾದರೆ ಪ್ರಯೋಜನವಿಲ್ಲ.

ಪ್ರತಿಯೊಬ್ಬ ವಿದ್ಯಾರ್ಥಿಯೂ ಈ ರಜೆಯಲ್ಲಿ ತನ್ನ ಊರಿನ ಒಂದು ಪುಟ ಚರಿತ್ರೆಯನ್ನು ಬರೆಯಲಿ. ಮಸೀದಿಯ ಶಿಲಾಶಾಸನ, ದರ್ಗಾದ ಪರಂಪರೆ, ಅಜ್ಜನ ಕಸುಬು, 1948ರ ಬಗ್ಗೆ ಮನೆಯಲ್ಲಿ ಉಳಿದಿರುವ ಮಾತು, ಆಗ ಕಾಪಾಡಿದ ನೆರೆಯವರ ಮನೆತನ ಇವುಗಳನ್ನು ಕೇಳಿ, ದಿನಾಂಕ ಹಾಕಿ ಬರೆದಿಡಲಿ. ಹಳೆಯ ಕಾಗದಗಳಿದ್ದರೆ ಛಾಯಾಪ್ರತಿ ಮಾಡಿಸಿ ಸಂಸ್ಥೆಯಲ್ಲಿ ಇಡಲಿ. ಮುಸಲ್ಮಾನರ ಓಣಿಯನ್ನಷ್ಟೇ ಅಲ್ಲ, ಪಕ್ಕದ ಬೇಡರ ಓಣಿಯನ್ನೂ ತಾಂಡಾವನ್ನೂ ಕೇಳಲಿ. ಸಗರ, ಗೋಗಿ, ಸುರಪುರಗಳ ಚರಿತ್ರೆ ಕಲಿಸುವುದು ಇದನ್ನೇ: ಇಲ್ಲಿ ಯಾರ ಕಥೆಯೂ ಒಬ್ಬರದೇ ಅಲ್ಲ.