ಎರಡು ಭಾಷೆ, ದಿನದ ನಡಿಗೆ, ಅಂಗಡಿಯ ಲೆಕ್ಕ: ಪ್ರಾಯದವರ ಮಿದುಳಿಗೆ ಬೇಕಾದ ಕೆಲಸ

ಅಂಚೆಟ್ಟಿ ದಾರಿಯಾಗಿ ಹೊಗೇನಕಲ್ ಜಲಪಾತಕ್ಕೆ ಹೋದವರಿಗೆ ನಾಟ್ರಾಂಪಾಳ್ಯ ಗೊತ್ತಿರಬಹುದು. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಕಾಡಂಚಿನ ಊರು. ಈ ಗಡಿಭಾಗದ ಎಷ್ಟೋ ಹಿರಿಯರ ಮನೆಮಾತು ಕನ್ನಡ. ರೇಷನ್ ಅಂಗಡಿಯಲ್ಲಿ, ತಾಲೂಕು ಕಚೇರಿಯಲ್ಲಿ ತಮಿಳು. ಹೊಸೂರು ಕಡೆಯ ವ್ಯಾಪಾರಕ್ಕೆ ತೆಲುಗು ಕೂಡ ಬೇಕಾಗ್ತದೆ. ಶಾಲೆಗೆ ಹೋಗದ ಅಜ್ಜಿಯೂ ಎದುರಿಗಿರುವವರ ಮುಖ ನೋಡಿ ಭಾಷೆ ಬದಲಿಸ್ತಾರೆ.

ಬ್ಯಾರಿಗಳಿಗೆ ಇದೇನೂ ಹೊಸತಲ್ಲ. ಮನೆಯಲ್ಲಿ ಬ್ಯಾರಿ, ಮೀನು ಮಾರ್ಕೆಟಿನಲ್ಲಿ ತುಳು, ಬ್ಯಾಂಕಿನಲ್ಲಿ ಕನ್ನಡ, ಕಾಸರಗೋಡಿನ ಸಂಬಂಧಿಕರ ಜೊತೆ ಮಲಯಾಳ. ಯಾರೂ ಇದನ್ನು ಒಂದು ವಿದ್ಯೆ ಎಂದು ಲೆಕ್ಕ ಹಾಕಿಲ್ಲ. ಆದರೆ ಮರೆವಿನ ಕಾಯಿಲೆಯನ್ನು, ಅಂದರೆ ಡಿಮೆನ್ಶಿಯಾವನ್ನು ಅಧ್ಯಯನ ಮಾಡುವ ವೈದ್ಯರು ಲೆಕ್ಕ ಹಾಕಿದ್ದಾರೆ.

ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಮಂದಿ ಡಿಮೆನ್ಶಿಯಾ ರೋಗಿಗಳ ದಾಖಲೆ ನೋಡಿದರು. ಅವರ ವರದಿ 2013ರಲ್ಲಿ 'ನ್ಯೂರಾಲಜಿ' ಪತ್ರಿಕೆಯಲ್ಲಿ ಬಂತು. ಒಂದೇ ಭಾಷೆ ಗೊತ್ತಿದ್ದವರಿಗಿಂತ ಎರಡು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸ ಇತ್ತು, ಅವರಲ್ಲಿ ಸುಮಾರು ಆರು ವರ್ಷ. ಅಂದರೆ ಇದು ಡಿಗ್ರಿಯ ಫಲ ಅಲ್ಲ. ಮೂರು, ನಾಲ್ಕು ಭಾಷೆ ಬಂದರೆ ಇನ್ನೂ ಲಾಭ ಅಂತ ಖುಷಿಪಡುವ ಹಾಗಿಲ್ಲ. ಎರಡರ ಮೇಲಿನ ಭಾಷೆಗಳಿಂದ ಹೆಚ್ಚಿನ ಪ್ರಯೋಜನ ಆ ಅಧ್ಯಯನದಲ್ಲಿ ಕಾಣಲಿಲ್ಲ. ಭಾಷೆ ಕಾಯಿಲೆಯನ್ನು ತಡೆಯುತ್ತದೆ ಎಂದೂ ಅದು ಹೇಳುವುದಿಲ್ಲ, ಮುಂದೂಡಬಹುದು ಅಷ್ಟೆ. ಬೇರೆ ದೇಶಗಳ ಕೆಲವು ಅಧ್ಯಯನಗಳಲ್ಲಿ ಇಷ್ಟು ಸ್ಪಷ್ಟ ಫಲ ಬಂದದ್ದೂ ಇಲ್ಲ.

ಮುಂದೂಡುವುದು ಹೇಗೆ? ವ್ಯಾಪಾರಸ್ಥರಿಗೆ ಇದು ಬೇಗ ಅರ್ಥ ಆಗ್ತದೆ. ಪ್ರಾಯ ಆದಂತೆ ಮಿದುಳಿಗೂ ಸವಕಳಿ ಇದೆ, ಅಂಗಡಿಯ ಫ್ರಿಡ್ಜಿಗೆ ಇದ್ದ ಹಾಗೆ. ಜೀವಮಾನವಿಡೀ ಮಿದುಳಿಗೆ ಕೆಲಸ ಕೊಟ್ಟವರಲ್ಲಿ ಒಂದು ಮೀಸಲು ನಿಧಿ ಇರುತ್ತದೆ. ಹಳೆಯ ದಾರಿ ಹಾಳಾದರೆ ಬೇರೆ ದಾರಿಯಿಂದ ಕೆಲಸ ನಡೆಸುವ ಶಕ್ತಿ ಅದು. ಎರಡು ಭಾಷೆಯವನು ಪ್ರತಿ ಮಾತಿಗೂ ಒಂದನ್ನು ತಡೆದು ಇನ್ನೊಂದನ್ನು ಆರಿಸಬೇಕು. ಅದೇ ಅವನಿಗೆ ದಿನವಿಡೀ ವ್ಯಾಯಾಮ.

ಈ ನಿಧಿ ಯೌವನದಲ್ಲೇ ಮುಗಿದುಹೋಗುವ ಲೆಕ್ಕವೂ ಅಲ್ಲ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಒಂದರಲ್ಲಿ 55ರಿಂದ 80 ವರ್ಷದ 120 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ ಮೂರು ದಿನ, ದಿನಕ್ಕೆ 40 ನಿಮಿಷ ಚುರುಕಾಗಿ ನಡೆಯಿತು. ಇನ್ನೊಂದು ಗುಂಪು ಕೈಕಾಲು ಚಾಚುವ ಹಗುರ ವ್ಯಾಯಾಮ ಮಾಡಿತು. ಒಂದು ವರ್ಷದ ನಂತರ ನಡೆದವರಲ್ಲಿ ಹಿಪ್ಪೊಕ್ಯಾಂಪಸ್, ಅಂದರೆ ನೆನಪು ಕೂಡಿಡುವ ಮಿದುಳಿನ ಭಾಗ, ಸುಮಾರು ಶೇ. 2ರಷ್ಟು ದೊಡ್ಡದಾಗಿತ್ತು. ಇನ್ನೊಂದು ಗುಂಪಿನಲ್ಲಿ ಅದು ಕುಗ್ಗಿತ್ತು. ಒಂದೆರಡು ವರ್ಷದ ಸವಕಳಿ ವಾಪಸು ಬಂದ ಹಾಗೆ! ದೇಹದ ತೂಕದಲ್ಲಿ ಮಿದುಳಿನ ಪಾಲು ಶೇ. 2 ಮಾತ್ರ, ಆದರೆ ಅದು ಬಳಸುವ ಆಮ್ಲಜನಕ ಸುಮಾರು ಶೇ. 20. ರಕ್ತ ಚೆನ್ನಾಗಿ ಓಡಿದರೆ ಮಿದುಳಿಗೂ ಲಾಭ ಎಂಬುದಕ್ಕೆ ದೊಡ್ಡ ಪುರಾವೆ ಬೇಕಾಗಿಲ್ಲ. ನಾಟ್ರಾಂಪಾಳ್ಯದ ಕಡೆ ರಾಗಿ ಹೊಲಕ್ಕೆ, ದನದ ಹಿಂದೆ ನಡೆಯುವವರಿಗೆ ಈ ನಡಿಗೆ ಬಿಟ್ಟಿಯಾಗಿ ಸಿಗ್ತದೆ. ಪೇಟೆಯಲ್ಲಿ ಐದು ವಕ್ತ್ ಮಸೀದಿಗೆ ನಡೆದೇ ಹೋಗುತ್ತಿದ್ದವರನ್ನು ಈಗ ಮಗ ಪ್ರೀತಿಯಿಂದ ಸ್ಕೂಟರಿನಲ್ಲಿ ಬಿಟ್ಟು ಬರ್ತಾನೆ. ಕಾಲು ಗಟ್ಟಿ ಇದ್ದರೆ ಆ ಪ್ರೀತಿಯನ್ನು ಸ್ವಲ್ಪ ಕಡಿಮೆ ಮಾಡಬಹುದು.

ಮೊಬೈಲಿನ ಮಿದುಳು ಆಟಗಳ ಕಥೆ ಬೇರೆ. ಲುಮಾಸಿಟಿ ಎಂಬ ಆ್ಯಪ್‌ನ ಕಂಪೆನಿ ಪ್ರಾಯದ ಮರೆವನ್ನು ದೂರ ಇಡುತ್ತೇವೆ ಅಂತ ಜಾಹೀರಾತು ಕೊಟ್ಟಿತು. ಅದಕ್ಕೆ ಸರಿಯಾದ ಆಧಾರ ಇಲ್ಲ ಎಂದು ಅಮೆರಿಕದ ವ್ಯಾಪಾರ ಆಯೋಗ ಪ್ರಕರಣ ಹೂಡಿ, 2016ರಲ್ಲಿ 20 ಲಕ್ಷ ಡಾಲರ್ ಕಟ್ಟಿಸಿತು. ಇಂಥ ಆಟ ಆಡಿದವರು ಆ ಆಟದಲ್ಲಿ ಚುರುಕಾಗ್ತಾರೆ, ಕೀಲಿಕೈ ಎಲ್ಲಿಟ್ಟೆ ಎಂಬುದಕ್ಕೆ ಅದರಿಂದ ಸಹಾಯ ಆಗುವುದು ಕಡಿಮೆ. ಎಲ್ಲ ತರಬೇತಿಯೂ ವ್ಯರ್ಥ ಅಂತ ಅಲ್ಲ. ಅಮೆರಿಕದಲ್ಲೇ 65 ದಾಟಿದ 2,832 ಮಂದಿಯ ಮೇಲೆ ನಡೆದ 'ಆ್ಯಕ್ಟಿವ್' ಅಧ್ಯಯನದಲ್ಲಿ, ಕಂಡದ್ದನ್ನು ಬೇಗ ಗುರುತಿಸುವ ತರಬೇತಿ ಪಡೆದವರಲ್ಲಿ ಹತ್ತು ವರ್ಷದ ನಂತರ ಡಿಮೆನ್ಶಿಯಾ ಕಡಿಮೆ ಇತ್ತು. ನೆನಪಿನ ತರಬೇತಿ ಪಡೆದವರಲ್ಲಿ ಅಂಥ ಸ್ಪಷ್ಟ ಫಲ ಕಾಣಲಿಲ್ಲ.

ಕಷ್ಟ ಅನ್ನಿಸುವ ಹೊಸ ಕೆಲಸಕ್ಕೆ ಬೆಲೆ ಹೆಚ್ಚು. ಟೆಕ್ಸಾಸ್‌ನಲ್ಲಿ ಹಿರಿಯರಿಗೆ ಮೂರು ತಿಂಗಳು ಡಿಜಿಟಲ್ ಫೋಟೋಗ್ರಫಿ, ಕೌದಿ ಹೊಲಿಯುವುದು ಕಲಿಸಿದರು. ಸುಮ್ಮನೆ ಸೇರಿ ಹರಟೆ ಹೊಡೆದವರಿಗಿಂತ ಕಲಿತವರ ನೆನಪು ಸುಧಾರಿಸಿತು. ಹಾಗೆ ನೋಡಿದರೆ ಬಾಯಿಪಾಠ ಇರುವ ಸೂರಾ ಓದುವವರು ಜೊತೆಗೆ ಹೊಸದೊಂದನ್ನು ಅರ್ಥ ಸಮೇತ ಕಲಿಯಲು ಹೊರಟರೆ ಮಿದುಳಿಗೆ ನಿಜವಾದ ದುಡಿಮೆ.

ಒಂದನ್ನೇ ಹಿಡಿದುಕೊಳ್ಳುವುದಕ್ಕಿಂತ ಎಲ್ಲವನ್ನೂ ಸೇರಿಸುವುದು ಒಳ್ಳೆಯದು ಎಂದು ತೋರಿಸಿದ್ದು ಫಿನ್ಲೆಂಡಿನ 'ಫಿಂಗರ್' ಅಧ್ಯಯನ. 60ರಿಂದ 77 ವರ್ಷದ 1,260 ಮಂದಿ, ಎರಡು ವರ್ಷ. ಅರ್ಧ ಮಂದಿಗೆ ಆಹಾರ, ವ್ಯಾಯಾಮ, ಮಿದುಳಿನ ತರಬೇತಿ, ಜೊತೆಗೆ ಬಿಪಿ ಮುಂತಾದವುಗಳ ಮೇಲೆ ಕಣ್ಣು. ಉಳಿದವರಿಗೆ ಮಾಮೂಲಿ ಆರೋಗ್ಯ ಸಲಹೆ. ಮೊದಲ ಗುಂಪಿನ ಅಂಕದಲ್ಲಿ ಆದ ಸುಧಾರಣೆ ಎರಡನೆಯದಕ್ಕಿಂತ ಶೇ. 25ರಷ್ಟು ಹೆಚ್ಚು. ಬಿರಿಯಾನಿ, ಸಿಹಿ ಚಾ ಬಿಡದೆ ಸುಡೊಕು ಆಡಿದರೆ ಸಾಲದು ಅಂತಾಯ್ತು.

ಕಿವಿಯ ವಿಷಯ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಕೇಳಿಸದವರು ಮಾತು ಕಡಿಮೆ ಮಾಡ್ತಾರೆ, ಮದುವೆ ಮನೆಯಲ್ಲೂ ಮೂಲೆ ಹಿಡೀತಾರೆ. ಡಿಮೆನ್ಶಿಯಾ ಕುರಿತ ಲ್ಯಾನ್ಸೆಟ್ ಆಯೋಗದ 2024ರ ವರದಿಯಲ್ಲಿ ತಿದ್ದಿಕೊಳ್ಳಬಹುದಾದ 14 ಕಾರಣಗಳಿವೆ. ಕಿವುಡು, ಸಕ್ಕರೆ ಕಾಯಿಲೆ, ಬಿಪಿ, ಧೂಮಪಾನ, ಒಂಟಿತನ, ದೃಷ್ಟಿದೋಷ ಎಲ್ಲ ಅದರಲ್ಲಿದೆ. ಎಲ್ಲವನ್ನೂ ಸರಿಪಡಿಸಿದರೆ ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಆಯೋಗದ ಅಂದಾಜು.

ಇನ್ನು ಅಂಗಡಿ ಮನೆಗಳ ವಿಷಯ. ಮಗ ಗಲ್ಫಿನಿಂದ ಬಂದು ವ್ಯಾಪಾರ ವಹಿಸಿಕೊಂಡರೆ ಉಪ್ಪನಿಗೆ ಮೊದಲು ಸಿಗುವ ಮಾತು 'ಇನ್ನು ನೀವು ಮನೆಯಲ್ಲಿ ಆರಾಮ ಇರಿ' ಎಂದು. ಮೂವತ್ತು ವರ್ಷ ಗಿರಾಕಿಯ ಹೆಸರು, ಸಾಲದ ಬಾಕಿ, ಮಾಲಿನ ದರ ಎಲ್ಲ ತಲೆಯಲ್ಲೇ ಇಟ್ಟುಕೊಂಡವರು ಅವರು. ಬಿಲ್ಲಿಂಗ್ ಮೆಷಿನ್ ಬಂದ ಮೇಲೆ ಗಲ್ಲಾಪೆಟ್ಟಿಗೆಯ ಹತ್ತಿರ ಬಂದರೂ ಅಡ್ಡ ಅನ್ನಿಸ್ತದೆ. ಉಮ್ಮನ ಕೈಯಿಂದ ಅಡುಗೆಮನೆ ತಪ್ಪುವುದೂ ಹೀಗೆಯೇ. ಬೆಳಿಗ್ಗೆ ಎರಡು ಗಂಟೆ ಅಂಗಡಿ, ಹಳೆ ಗಿರಾಕಿಗಳ ಬಾಕಿ ವಸೂಲಿ, ಮೊಮ್ಮಕ್ಕಳಿಗೆ ಬ್ಯಾರಿಯಲ್ಲಿ ಕಥೆ ಹೇಳುವ ಕೆಲಸ ಅವರ ಹತ್ತಿರ ಉಳಿದರೆ ಯಾರಿಗೂ ನಷ್ಟ ಇಲ್ಲ. ಮೊಮ್ಮಕ್ಕಳ ಜೊತೆ ಇಂಗ್ಲಿಷಿನಲ್ಲೇ ಮಾತಾಡುವ ಮನೆಗಳಲ್ಲಿ ಎರಡೂ ಕಡೆಯವರಿಗೆ ಲುಕ್ಸಾನು.

ನಾಟ್ರಾಂಪಾಳ್ಯದ ಕೃಷ್ಣಗಿರಿ ಜಿಲ್ಲೆಗೆ ಹೊಂದಿಕೊಂಡಿರುವ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ, ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ 45 ದಾಟಿದ 10,000 ಮಂದಿಯನ್ನು ವರ್ಷಾನುಗಟ್ಟಲೆ ಗಮನಿಸುವ 'ಸಾನ್ಸ್‌ಕಾಗ್' ಅಧ್ಯಯನ ಕೈಗೊಂಡಿದೆ. ಈವರೆಗೆ ಹೆಚ್ಚಿನ ಲೆಕ್ಕ ಬಂದದ್ದು ಪಾಶ್ಚಾತ್ಯ ದೇಶಗಳಿಂದ. ರಾಗಿ ಮುದ್ದೆ ಉಂಡು ಎರಡು ಭಾಷೆ ಆಡುವವರ ಲೆಕ್ಕ ಇನ್ನು ಇಲ್ಲಿಂದ ಬರಬೇಕು.

ಹೆಸರು ಮರೆತು ಸ್ವಲ್ಪ ಹೊತ್ತಿಗೆ ನೆನಪಾದರೆ ಗಾಬರಿ ಬೇಡ. ಗೊತ್ತಿರುವ ದಾರಿ ತಪ್ಪುವುದು, ಚಿಲ್ಲರೆ ಲೆಕ್ಕ ಪದೇ ಪದೇ ತಪ್ಪುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು ಕಂಡರೆ 'ಪ್ರಾಯ ಆಯ್ತಲ್ಲ' ಅಂತ ಬಿಡಬಾರದು. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆ, ಕೆಲವು ಮಾತ್ರೆಗಳಿಂದಲೂ ಮರೆವು ಬರ್ತದೆ, ಅವಕ್ಕೆ ಚಿಕಿತ್ಸೆ ಇದೆ. ವೈದ್ಯರ ಹತ್ತಿರ ಹೋಗುವಾಗ ತಿನ್ನುವ ಎಲ್ಲ ಮಾತ್ರೆಗಳ ಚೀಟಿ ಜೊತೆಗಿರಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ತಪಾಸಣೆ ಇದೆ, ಕರ್ನಾಟಕದ ಹಲವು ಜಿಲ್ಲಾಸ್ಪತ್ರೆಗಳಲ್ಲಿ ಮಿದುಳು ಆರೋಗ್ಯ ಕ್ಲಿನಿಕ್‌ಗಳೂ ಇವೆ. ಹಿರಿಯ ನಾಗರಿಕರ ಸಹಾಯವಾಣಿ 14567 ಎರಡೂ ರಾಜ್ಯಗಳಲ್ಲಿ ಸಿಗ್ತದೆ.